ಶಾಲೆಯ ಕ್ರಿಸ್‌ಮಸ್ ವೇದಿಕೆ: ಹಳೆಯ ಕ್ಯಾರಲ್, ಹೊಸ ಹಾಡು

ಡಿಸೆಂಬರ್ ಮೊದಲ ವಾರ ಕಳೆಯುತ್ತಿದ್ದಂತೆ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮದ ತಾಲೀಮು ಬಿರುಸಾಗುತ್ತದೆ. ಚಿಕ್ಕ ತರಗತಿಯ ಮಕ್ಕಳು ಯೇಸುವಿನ ಜನನದ ಕಥೆಯನ್ನು ನಾಟಕವಾಗಿ ಆಡುತ್ತಾರೆ. ಒಬ್ಬಳು ಮರಿಯ, ಒಬ್ಬ ಯೋಸೇಫ, ತಲೆಗೆ ಟವೆಲ್ ಸುತ್ತಿಕೊಂಡವರು ಕುರುಬರು, ಕಾಗದದ ಕಿರೀಟ ತೊಟ್ಟವರು ಮೂಡಣ ದೇಶದ ಜ್ಞಾನಿಗಳು, ಉಳಿದವರೆಲ್ಲ ದೇವದೂತರು ಇಲ್ಲವೇ ಕುರಿಗಳು. ದೊಡ್ಡ ತರಗತಿಯವರು ಶಾಲೆಯ ಸಭಾಂಗಣದಲ್ಲೋ ಊರಿನ ಚರ್ಚಿನಲ್ಲೋ ಸಾಲಾಗಿ ನಿಂತು ಹಾಡುತ್ತಾರೆ. ಎರಡು ಬಗೆಯ ಕಾರ್ಯಕ್ರಮಕ್ಕೂ ಹಾಡೇ ಜೀವ. ಆದ್ದರಿಂದ ಯಾವ ಹಾಡು ಎಂಬ ಪ್ರಶ್ನೆ ಪ್ರತಿ ವರ್ಷ ಶಿಕ್ಷಕರ ಮುಂದೆ ಬಂದು ನಿಲ್ಲುತ್ತದೆ. ಅಜ್ಜ ಅಜ್ಜಿಯರಿಗೂ ಬಾಯಿಪಾಠವಾಗಿರುವ ಹಳೆಯ ಕ್ರಿಸ್‌ಮಸ್ ಗೀತೆಗಳಾದ ಕ್ಯಾರಲ್‌ಗಳನ್ನೇ ಹಾಡಿಸಬೇಕೆನ್ನುವವರು ಒಂದು ಕಡೆ. ಮಕ್ಕಳಿಗೆ ಅರ್ಥವಾಗುವ, ಅವರು ಕುಣಿದು ಹಾಡುವ ಹೊಸ ಹಾಡು ಬೇಕೆನ್ನುವವರು ಇನ್ನೊಂದು ಕಡೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಲ್ಲೂ ಇದೇ ಚರ್ಚೆ ನಡೆಯುತ್ತದೆ. ಕ್ರೈಸ್ತ ಶಾಲೆಗಳಿರುವ ಮಂಗಳೂರು, ಬೆಂಗಳೂರುಗಳಿಗೂ ಇದು ಹೊಸದಲ್ಲ.

ಚರ್ಚೆಯಲ್ಲಿ ಎರಡೂ ಕಡೆಯವರು ಒಂದೊಂದು ವಿಷಯವನ್ನು ಪರೀಕ್ಷಿಸದೆ ಒಪ್ಪಿಕೊಂಡುಬಿಡುತ್ತಾರೆ. ಹಳೆಯ ಹಾಡುಗಳೆಲ್ಲ ಬಹಳ ಹಳೆಯವು ಎಂಬುದು ಒಂದು. ಹೊಸ ಹಾಡುಗಳೆಲ್ಲ ಒಂದೇ ಜಾತಿಯವು ಎಂಬುದು ಇನ್ನೊಂದು. ಮೊದಲು ಇವೆರಡನ್ನೂ ಬಿಡಿಸಿ ನೋಡಬೇಕು.

ಮಧ್ಯಯುಗದ ಕ್ಯಾರಲ್ ಚರ್ಚಿನ ಪ್ರಾರ್ಥನಾಗೀತೆಯಾಗಿರಲಿಲ್ಲ. ಜನ ಕೈಕೈ ಹಿಡಿದು ಸುತ್ತು ಕುಣಿಯುವಾಗ ಹಾಡುತ್ತಿದ್ದ ಪಲ್ಲವಿಯುಳ್ಳ ಹಾಡಿನಿಂದ ಅದು ಬೆಳೆಯಿತು. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ದನ, ಕತ್ತೆ, ಹುಲ್ಲು ತುಂಬಿದ ಗೋದಲಿ ಇಟ್ಟು ಕ್ರಿಸ್‌ಮಸ್ ಆಚರಿಸಿದ. ಆ ಪರಂಪರೆಯ ಸನ್ಯಾಸಿಗಳು ಜನರ ಆಡುಮಾತಿನಲ್ಲಿ, ಜನರ ಧಾಟಿಯಲ್ಲಿ ಕ್ರಿಸ್ತಜನನದ ಹಾಡುಗಳನ್ನು ಹರಡಿದರು. ಇಂಗ್ಲೆಂಡಿನಲ್ಲಿ ಶ್ರಾಪ್‌ಶೈರಿನ ಪಾದ್ರಿ ಜಾನ್ ಆಡ್ಲಿ 1426ರ ಸುಮಾರಿಗೆ ಇಪ್ಪತ್ತೈದು ಕ್ಯಾರಲ್‌ಗಳನ್ನು ಬರೆದಿಟ್ಟ. 1521ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಕ್ಯಾರಲ್ ಸಂಗ್ರಹವೊಂದನ್ನು ಅಚ್ಚು ಹಾಕಿದ. ಆಮೇಲೆ ದೊಡ್ಡ ಕಡಿತ ಬಿತ್ತು. ಪ್ಯೂರಿಟನ್ ಸಂಸತ್ತು 1647ರಲ್ಲಿ ಕ್ರಿಸ್‌ಮಸ್ ಹಬ್ಬವನ್ನೇ ರದ್ದುಪಡಿಸಿತು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಹಬ್ಬವೇನೋ ಬಂತು, ಆದರೆ ಹಳೆಯ ಹಾಡುಗಳು ಹಳ್ಳಿಗಾಡಿನಲ್ಲಷ್ಟೇ ಉಳಿದುಕೊಂಡವು. ಚರ್ಚಿನೊಳಗೆ ಬೈಬಲಿನ ಕೀರ್ತನೆಗಳದೇ ಅಧಿಕಾರ. ನೇಹಮ್ ಟೇಟ್ ಬರೆದ, 1700ರಲ್ಲಿ ಪ್ರಕಟವಾದ 'ವೈಲ್ ಶೆಪರ್ಡ್ಸ್ ವಾಚ್ಡ್' ಎಂಬ ಕುರುಬರ ಹಾಡು ಅಲ್ಲಿ ಜಾಗ ಗಿಟ್ಟಿಸಿಕೊಂಡದ್ದೇ ಒಂದು ಅಪವಾದ.

ಇಂದು ಹಳೆಯದೆಂದು ಕರೆಯುವ ಹಾಡುಗಳಲ್ಲಿ ಬಹುಪಾಲು ಹತ್ತೊಂಬತ್ತನೇ ಶತಮಾನದ ಕೈಕೆಲಸ. ಡೇವಿಸ್ ಗಿಲ್ಬರ್ಟ್ 1822ರಲ್ಲಿ, ವಿಲಿಯಂ ಸ್ಯಾಂಡಿಸ್ 1833ರಲ್ಲಿ ಜನಪದ ಕ್ಯಾರಲ್‌ಗಳನ್ನು ಕಲೆಹಾಕಿ ಅಚ್ಚಿಗೆ ತಂದರು. ಇಂಥವು ಇನ್ನೇನು ಮರೆಯಾಗುತ್ತವೆ ಎಂಬ ಆತಂಕ ಅವರದಾಗಿತ್ತು. ಮೆಥಡಿಸ್ಟ್ ಕವಿ ಚಾರ್ಲ್ಸ್ ವೆಸ್ಲಿ 1739ರಲ್ಲಿ ಪ್ರಕಟಿಸಿದ 'ಹಾರ್ಕ್ ದ ಹೆರಾಲ್ಡ್' ಹಾಡಿನ ಪದಗಳನ್ನು ಜಾರ್ಜ್ ವೈಟ್‌ಫೀಲ್ಡ್ ತಿದ್ದಿದ. ಮೆಂಡೆಲ್ಸೋನ್ 1840ರಲ್ಲಿ ಗುಟೆನ್‌ಬರ್ಗನ ಮುದ್ರಣಕಲೆಯ ಉತ್ಸವಕ್ಕೆಂದು ಕಟ್ಟಿದ ಸಂಗೀತದ ಒಂದು ತುಣುಕನ್ನು ವಿಲಿಯಂ ಕಮಿಂಗ್ಸ್ 1855ರಲ್ಲಿ ಅದಕ್ಕೆ ಜೋಡಿಸಿದ. ಸಾಹಿತ್ಯ ಬರೆದವನೂ ರಾಗ ಕಟ್ಟಿದವನೂ ಪರಸ್ಪರ ಕಂಡವರಲ್ಲ. ಇಬ್ಬರ ನಡುವೆ ನೂರು ವರ್ಷದ ಅಂತರ. 'ಗುಡ್ ಕಿಂಗ್ ವೆನ್ಸಸ್ಲಾಸ್' ಹಾಡಿನ ಕಥೆ ಇನ್ನೂ ವಿಚಿತ್ರ. 1582ರ ಫಿನ್ಲೆಂಡಿನ ಸಂಗ್ರಹವೊಂದರಲ್ಲಿದ್ದ ವಸಂತಕಾಲದ ಹಾಡಿನ ಧಾಟಿಗೆ ಜೆ. ಎಂ. ನೀಲ್ 1853ರಲ್ಲಿ ಹಿಮ ಸುರಿಯುವ ರಾತ್ರಿಯ ಕಥೆ ಕೂರಿಸಿದ. 'ಓ ಲಿಟಲ್ ಟೌನ್ ಆಫ್ ಬೆತ್ಲೆಹೆಮ್' ಅಮೆರಿಕದ ಫಿಲಿಪ್ಸ್ ಬ್ರೂಕ್ಸ್ ಬರೆದದ್ದು, ಹಾಡಿಸಿದ್ದು 1868ರಲ್ಲಿ. ಇಂಗ್ಲಿಷ್ ಮಕ್ಕಳು ಅದನ್ನು ಹಾಡುವ ಧಾಟಿಯನ್ನು ರಾಲ್ಫ್ ವಾನ್ ವಿಲಿಯಮ್ಸ್ 1903ರಲ್ಲಿ ಸರ್ರೆಯ ಫಾರೆಸ್ಟ್ ಗ್ರೀನ್ ಹಳ್ಳಿಯಲ್ಲಿ ಜನಪದ ಗಾಯಕನೊಬ್ಬನಿಂದ ಕೇಳಿ ಬರೆದುಕೊಂಡ. ಅದು ನೇಗಿಲಯೋಗಿಯ ಹಾಡಾಗಿತ್ತು. 'ಸೈಲೆಂಟ್ ನೈಟ್' 1818ರಲ್ಲಿ ಆಸ್ಟ್ರಿಯದ ಓಬರ್ನ್‌ಡಾರ್ಫಿನ ಪುಟ್ಟ ಚರ್ಚಿನಲ್ಲಿ ಮೊದಲು ಕೇಳಿಸಿತು. ಅದರ ಪದ ಪಾದ್ರಿ ಯೋಸೆಫ್ ಮೋರ್‌ನದು, ರಾಗ ಶಾಲಾಮಾಸ್ತರ ಫ್ರಾಂಜ್ ಗ್ರೂಬರ್‌ನದು. ಚಿಕ್ಕ ಮಕ್ಕಳ ಪ್ರೀತಿಯ 'ಅವೇ ಇನ್ ಅ ಮೇಂಜರ್' ಮಾರ್ಟಿನ್ ಲೂಥರನ ರಚನೆಯೆಂದು ಬಹುಕಾಲ ಪ್ರಚಾರವಾಗಿತ್ತು. ವಾಸ್ತವವಾಗಿ ಅದು 1880ರ ದಶಕದ ಅಮೆರಿಕದಲ್ಲಿ ಕಾಣಿಸಿಕೊಂಡ ಹಾಡು.

ಪರಂಪರೆ ಎನ್ನುವುದು ಹೀಗೆ ಹೊಸಬರು ಹಳೆಯದನ್ನು ಕೂಡಿಸಿ, ಕತ್ತರಿಸಿ, ತಿದ್ದಿ ಕಟ್ಟಿದ್ದು. ಅದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಹೊಸ ಹಾಡು ಬಂದರೆ ಪರಂಪರೆ ಕೆಟ್ಟಿತು ಎನ್ನುವ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ.

ಶಾಲೆಗೆ ಈ ಹಾಡುಗಳು ಬಂದ ದಾರಿಯೂ ಹತ್ತೊಂಬತ್ತನೇ ಶತಮಾನದ್ದೇ. 1870ರ ಶಿಕ್ಷಣ ಕಾಯ್ದೆಯ ಬಳಿಕ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪ್ರಾಥಮಿಕ ಶಾಲೆಗಳು ಹಬ್ಬಿದವು. ನಾರ್ವಿಚ್‌ನ ಸಾರಾ ಗ್ಲೋವರ್ ರೂಪಿಸಿ ಜಾನ್ ಕರ್ವೆನ್ ಪ್ರಚಾರ ಮಾಡಿದ ಟಾನಿಕ್ ಸೋಲ್ಫಾ ಪದ್ಧತಿ ಅಲ್ಲೆಲ್ಲ ನೆಲೆಯೂರಿತು. ನಮ್ಮ ಸರಿಗಮದ ಹಾಗೆ ಅದರಲ್ಲೂ ಆಧಾರ ಷಡ್ಜವನ್ನು ಬೇಕಾದ ಶ್ರುತಿಗೆ ಸರಿಸಿಕೊಳ್ಳಬಹುದು. ಪಿಯಾನೋ ಇಲ್ಲದ ಬಡ ಶಾಲೆಯೂ ಹಾಡು ಕಲಿಸಬಹುದು. ಬ್ರ್ಯಾಮ್ಲಿ ಮತ್ತು ಸ್ಟೈನರ್ 1871ರ ಹೊತ್ತಿಗೆ ತಂದ ಕ್ಯಾರಲ್ ಸಂಗ್ರಹ ಮನೆಮನೆಗೆ ತಲುಪಿತು. 1880ರಲ್ಲಿ ಕಾರ್ನ್‌ವಾಲ್‌ನ ಟ್ರೂರೊದಲ್ಲಿ ಬಿಷಪ್ ಬೆನ್ಸನ್ ಒಂಬತ್ತು ಬೈಬಲ್ ಪಾಠಗಳ ನಡುನಡುವೆ ಕ್ಯಾರಲ್ ಹಾಡುವ ಆರಾಧನೆ ಏರ್ಪಡಿಸಿದ. ಅದನ್ನೇ 1918ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಎರಿಕ್ ಮಿಲ್ನರ್-ವೈಟ್ ತಂದ. ಮಹಾಯುದ್ಧ ಮುಗಿದು ಕೆಲವೇ ವಾರಗಳಾಗಿದ್ದವು. 1928ರಿಂದ ಬಿಬಿಸಿ ಅದನ್ನು ಪ್ರಸಾರ ಮಾಡತೊಡಗಿತು. ಅಲ್ಲಿಂದೀಚೆಗೆ ಸಾವಿರಾರು ಶಾಲೆಗಳ ಕಾರ್ಯಕ್ರಮ ಅದೇ ಅಚ್ಚಿನಲ್ಲಿ ಮೂಡಿದೆ: ಕತ್ತಲ ಚರ್ಚು, ಹಿಂಬಾಗಿಲಲ್ಲಿ ಒಬ್ಬ ಹುಡುಗನ ಒಂಟಿ ದನಿಯಲ್ಲಿ 'ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ'ಯ ಮೊದಲ ಚರಣ, ಆಮೇಲೆ ಮೇಳ, ಆಮೇಲೆ ಇಡೀ ಸಭೆ. ಕಿಂಗ್ಸ್‌ನಲ್ಲಿ ಆ ಒಂಟಿ ಚರಣಕ್ಕೆ ಹಲವು ಹುಡುಗರನ್ನು ಅಣಿಗೊಳಿಸಿರುತ್ತಾರೆ. ಹಾಡುವವನು ಯಾರೆಂದು ನಿರ್ದೇಶಕರು ಕೈ ತೋರಿಸುವುದು ಪ್ರಸಾರ ಶುರುವಾಗುವ ಕ್ಷಣದಲ್ಲಿ. ಮುಂಚೆಯೇ ತಿಳಿದರೆ ಹುಡುಗ ಭಯ ಬೀಳುತ್ತಾನೆ ಎಂಬ ಕಾಳಜಿ ಅದರ ಹಿಂದಿದೆ. ಆ ಹಾಡು ಬರೆದ ಸಿಸಿಲ್ ಫ್ರಾನ್ಸಿಸ್ ಅಲೆಗ್ಸಾಂಡರ್ 1848ರಲ್ಲಿ ಅದನ್ನು ಅಚ್ಚಿಗೆ ಕೊಟ್ಟದ್ದು ಪುಟ್ಟ ಮಕ್ಕಳ ಗೀತೆಗಳ ಪುಸ್ತಕದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಇಂದಿನ ಈ ಸಾಂಪ್ರದಾಯಿಕ ಹಾಡು ಅಂದು ಮಕ್ಕಳಿಗೆಂದೇ ಬರೆದ ಹೊಸ ಹಾಡಾಗಿತ್ತು.

ಇನ್ನು ಹೊಸ ಹಾಡುಗಳು. ಶಾಲೆಯ ವೇದಿಕೆಗೆ ಬರುವ ಹೊಸ ಹಾಡುಗಳಲ್ಲಿ ಕನಿಷ್ಠ ನಾಲ್ಕು ಬಗೆಗಳಿವೆ; ಒಂದಕ್ಕೆ ಹೊಂದುವ ಮಾತು ಇನ್ನೊಂದಕ್ಕೆ ಹೊಂದದು.

ಹೊಸ ಕ್ಯಾರಲ್‌ಗಳದು ಮೊದಲ ಬಗೆ. ಕಥೆ ಅದೇ ಬೆತ್ಲೆಹೇಮಿನದು, ಸಂಗೀತ ಮಾತ್ರ ನಮ್ಮ ಕಾಲದ್ದು. 1959ರಲ್ಲಿ ಎರಿಕ್ ಬಾಸ್ವೆಲ್ ಬರೆದ 'ಲಿಟಲ್ ಡಾಂಕಿ' ಹಾಡಿಗೆ ಕತ್ತೆಯ ಗೊರಸಿನ ಸದ್ದನ್ನು ಮಕ್ಕಳು ತೆಂಗಿನ ಚಿಪ್ಪು ಬಡಿದು ಹೊರಡಿಸುತ್ತಾರೆ. ಮೈಕೆಲ್ ಪೆರಿ 1964ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದ 'ಕಲಿಪ್ಸೊ ಕ್ಯಾರಲ್' ಕೆರಿಬಿಯನ್ ತಾಳದಲ್ಲಿ ನಡೆಯುತ್ತದೆ. ಜೆಸ್ಟರ್ ಹೇರ್ಸ್ಟನ್ ರಚಿಸಿ 1956ರಲ್ಲಿ ಹ್ಯಾರಿ ಬೆಲಫಾಂಟೆ ಹಾಡಿದ 'ಮೇರೀಸ್ ಬಾಯ್ ಚೈಲ್ಡ್' ಕೂಡ ಈ ಸಾಲಿನದೇ. 1978ರಲ್ಲಿ ಬೋನಿ ಎಂ ತಂಡ ಅದನ್ನು ಹಾಡಿದ ಮೇಲೆ ಭಾರತದ ಕ್ರಿಸ್‌ಮಸ್‌ಗಳಲ್ಲೂ ಅದು ತಪ್ಪದ ಹಾಡಾಯಿತು. ಬೆಂಜಮಿನ್ ಬ್ರಿಟನ್ 1942ರಲ್ಲಿ ಅಮೆರಿಕದಿಂದ ಹಡಗಿನಲ್ಲಿ ಮರಳುವಾಗ ಬರೆಯತೊಡಗಿದ 'ಅ ಸೆರಮನಿ ಆಫ್ ಕ್ಯಾರಲ್ಸ್' ಹಳತು ಹೊಸತಿನ ಗೆರೆಯನ್ನೇ ಅಳಿಸುತ್ತದೆ. ಅದರ ಪದಗಳಲ್ಲಿ ಬಹುಪಾಲು ಮಧ್ಯಯುಗದವು, ಸಂಗೀತ ಇಪ್ಪತ್ತನೇ ಶತಮಾನದ್ದು, ಬರೆದದ್ದು ಎಳೆಯ ದನಿಗಳಿಗೆ ಮತ್ತು ಹಾರ್ಪ್ ವಾದ್ಯಕ್ಕೆ.

ಎರಡನೆಯವು ಹಬ್ಬದ ಲೌಕಿಕ ಹಾಡುಗಳು. ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಪ್ರಕಟಿಸಿದ 'ಜಿಂಗಲ್ ಬೆಲ್ಸ್' ಜಾರುಬಂಡಿಯ ಓಟದ ಹಾಡು. ಅದರಲ್ಲಿ ಕ್ರಿಸ್‌ಮಸ್‌ನ ಹೆಸರೇ ಇಲ್ಲ. ವಯಸ್ಸಿನಲ್ಲಿ ಅದು 'ಓ ಲಿಟಲ್ ಟೌನ್' ಹಾಡಿಗಿಂತ ಹಿರಿದು. ಆದರೂ ಯಾರೂ ಅದನ್ನು ಸಾಂಪ್ರದಾಯಿಕ ಕ್ಯಾರಲ್‌ಗಳ ಸಾಲಿಗೆ ಸೇರಿಸುವುದಿಲ್ಲ. ಹಳತು ಹೊಸತಿನ ಜಗಳದ ಒಳಗೆ ದೈವಿಕ ಲೌಕಿಕಗಳ ಜಗಳ ಅಡಗಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಹುಟ್ಟಿದ್ದು 1939ರಲ್ಲಿ, ಮಾಂಟ್ಗೊಮೆರಿ ವಾರ್ಡ್ ಎಂಬ ಅಮೆರಿಕದ ಅಂಗಡಿ ಸಂಸ್ಥೆ ಗಿರಾಕಿಗಳ ಮಕ್ಕಳಿಗೆ ಹಂಚಿದ ಪುಸ್ತಿಕೆಯಲ್ಲಿ. ಜಾನಿ ಮಾರ್ಕ್ಸ್ ಅದನ್ನು ಕುರಿತು ಕಟ್ಟಿದ ಹಾಡು 1949ರಲ್ಲಿ ಜನಪ್ರಿಯವಾಯಿತು.

ಪಾಪ್ ಹಾಡುಗಳು ಮೂರನೆಯವು. ಸ್ಲೇಡ್ ತಂಡದ 1973ರ ಹಾಡು, ವ್ಯಾಮ್ ಜೋಡಿಯ 1984ರ 'ಲಾಸ್ಟ್ ಕ್ರಿಸ್‌ಮಸ್', ಮರಾಯಾ ಕ್ಯಾರಿಯ 1994ರ 'ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ' ಮುಂತಾದವು ಡಿಸೆಂಬರ್ ಬಂತೆಂದರೆ ಅಂಗಡಿ, ರೇಡಿಯೊ, ಮೊಬೈಲ್‌ಗಳಲ್ಲೆಲ್ಲ ಕೇಳಿಸುತ್ತವೆ. ನಾಲ್ಕನೆಯದು ಶಾಲೆಗೆಂದೇ ತಯಾರಾದ ಸಂಗೀತ ನಾಟಕ. ಸಂಭಾಷಣೆ, ಏಳೆಂಟು ಹಾಡು, ಹಿನ್ನೆಲೆ ಸಂಗೀತದ ಟ್ರ್ಯಾಕ್ ಎಲ್ಲವೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ. ಬ್ರಿಟನ್ನಿನಲ್ಲಿ ಔಟ್ ಆಫ್ ದ ಆರ್ಕ್‌ನಂಥ ಪ್ರಕಾಶಕರು ಇದನ್ನೇ ಕಸುಬು ಮಾಡಿಕೊಂಡಿದ್ದಾರೆ. ಸಂಗೀತ ಕಲಿಯದ ತರಗತಿ ಶಿಕ್ಷಕಿಗೆ ಇಂಥ ಕಟ್ಟು ದೊಡ್ಡ ಆಸರೆ. ಪಿಯಾನೋ ನುಡಿಸಬಲ್ಲ ಶಿಕ್ಷಕರು ಪ್ರತಿ ಪ್ರಾಥಮಿಕ ಶಾಲೆಯಲ್ಲೂ ಇರುತ್ತಿದ್ದ ಕಾಲ ಹೋಯಿತು. ಬಿಬಿಸಿ ಶಾಲಾ ರೇಡಿಯೊದಲ್ಲಿ 1939ರಲ್ಲಿ ಶುರುವಾಗಿ ಸುಮಾರು ಆರು ದಶಕ ನಡೆದ 'ಸಿಂಗಿಂಗ್ ಟುಗೆದರ್' ಎಂಬ ಸಾಮೂಹಿಕ ಗಾಯನ ಪಾಠವೂ ನಿಂತಿತು. ಶಿಕ್ಷಕರು ಹೊಸ ಹಾಡಿನತ್ತ ತಿರುಗಿದ್ದಕ್ಕೆ ಅಭಿರುಚಿಯ ಬದಲಾವಣೆಯಷ್ಟೇ ಈ ಕೊರತೆಯೂ ಕಾರಣ.

ಹಾಡು ಯಾವ ಬಗೆಯದಾದರೂ ಕೊನೆಗೆ ಅದು ಮಗುವಿನ ಗಂಟಲಿನಿಂದ ಹೊರಡಬೇಕು. ಚರ್ಚೆಯಲ್ಲಿ ಅತಿ ಕಡಿಮೆ ಪ್ರಸ್ತಾಪವಾಗುವುದು ಇದೇ, ಅತಿ ಮುಖ್ಯವಾದುದೂ ಇದೇ. ಆರೇಳು ವರ್ಷದ ಮಗು ಆಯಾಸವಿಲ್ಲದೆ ಹಾಡಬಲ್ಲ ವ್ಯಾಪ್ತಿ ಐದಾರು ಸ್ವರಗಳದು. ಹತ್ತು ವರ್ಷದ ಹೊತ್ತಿಗೆ ಅದು ಒಂದು ಸ್ಥಾಯಿಯನ್ನು ದಾಟುತ್ತದೆ. 'ಜಿಂಗಲ್ ಬೆಲ್ಸ್'ನ ಪಲ್ಲವಿ ಷಡ್ಜದಿಂದ ಪಂಚಮದೊಳಗೇ ಮುಗಿಯುತ್ತದೆ. ಶಿಶುವಿಹಾರದ ಮಕ್ಕಳೂ ಅದನ್ನು ನಿಖರವಾಗಿ ಹಾಡುವುದಕ್ಕೆ ಇದೇ ಗುಟ್ಟು. 'ಜಾಯ್ ಟು ದ ವರ್ಲ್ಡ್' ಆರಂಭವಾಗುವುದೇ ತಾರಷಡ್ಜದಿಂದ ಮಧ್ಯಷಡ್ಜಕ್ಕೆ ಒಂದೇ ಇಳಿಜಾರಿನಲ್ಲಿ. ನಮ್ಮವರ ಕಿವಿಗೆ ಅದು ನೇರ ಶಂಕರಾಭರಣದ ಅವರೋಹಣ. ಹಾಡು ಎತ್ತಿಕೊಳ್ಳುವಾಗಲೇ ಮೇಲಿನ ಷಡ್ಜ ಸಿಗದಿದ್ದರೆ ಇಡೀ ಸಾಲು ಕುಸಿಯುತ್ತದೆ. 'ಸೈಲೆಂಟ್ ನೈಟ್' ಇಂದು ಹಾಡುವ ರೂಪದಲ್ಲಿ ಮಧ್ಯಷಡ್ಜದಿಂದ ತಾರಸ್ಥಾಯಿಯ ಮಧ್ಯಮದವರೆಗೆ ಹಬ್ಬಿದೆ. ಲಾಲಿಯಂತೆ ಮೆತ್ತಗಿರುವುದರಿಂದ ಸುಲಭವೆಂದು ಚಿಕ್ಕ ತರಗತಿಗೆ ಕೊಡುತ್ತಾರೆ. ತಾಲೀಮಿನಲ್ಲಿ ಆಗುವುದು ಬೇರೆ. ಮೊದಲೆರಡು ಸಾಲು ಚೆನ್ನಾಗಿ ಸಾಗುತ್ತದೆ; ಕೊನೆಗೆ ಬರುವ ಎತ್ತರದ ಸ್ವರದಲ್ಲಿ ಅರ್ಧ ಮಕ್ಕಳು ಬಾಯಿ ಮುಚ್ಚುತ್ತಾರೆ, ಕಾಲು ಭಾಗ ಕಿರುಚುತ್ತಾರೆ, ಉಳಿದವರು ಒಂದು ಸ್ಥಾಯಿ ಕೆಳಗಿಳಿದು ಗೊಣಗುತ್ತಾರೆ. ಶ್ರುತಿ ಇಳಿಸಿದರೆ ಕೊನೆಯ ಷಡ್ಜ ಕೇಳಿಸದಷ್ಟು ಕೆಳಗೆ ಹೋಗುತ್ತದೆ. ಆ ಹಾಡು ಹತ್ತು ಹನ್ನೊಂದರ ಮಕ್ಕಳದು.

ಪಾಪ್ ಹಾಡಿನ ತೊಂದರೆ ಇನ್ನೂ ಹೆಚ್ಚು. ಅದು ಒಬ್ಬ ವಯಸ್ಕ ಗಾಯಕ ಅಥವಾ ಗಾಯಕಿಯ ಕಂಠಕ್ಕೆ ಹೊಲಿದ ಹಾಡು. ಎದೆಯ ದನಿಯನ್ನು ಮೇಲಕ್ಕೆ ತಳ್ಳುವುದು, ತಾಳಕ್ಕೆ ಮುಂಚೆಯೋ ಹಿಂದೆಯೋ ಪದ ಬೀಳಿಸುವುದು, ಒಂದೇ ಅಕ್ಷರವನ್ನು ಹಲವು ಸ್ವರಗಳಲ್ಲಿ ತಿರುಗಿಸುವುದು ಅದರ ಸೊಗಸು. ನಲವತ್ತು ಮಕ್ಕಳು ಒಟ್ಟಿಗೆ ಹಾಡಿದಾಗ ಆ ಸೊಗಸು ಉಳಿಯುವುದಿಲ್ಲ. ಮೂಲ ಧ್ವನಿಮುದ್ರಿಕೆಯನ್ನು ಅನುಕರಿಸಲು ಹೋಗಿ ಮಕ್ಕಳು ಗಂಟಲು ಬಿಗಿಯುತ್ತಾರೆ. ಹದಿಮೂರರ ಆಸುಪಾಸಿನ ಹುಡುಗರ ದನಿ ಒಡೆಯುವ ಹೊತ್ತಿನಲ್ಲಿ ಇದು ಹಾನಿಯನ್ನೂ ಮಾಡೀತು. ಇದಕ್ಕೆ ಎದುರಾಗಿ, ಮಕ್ಕಳ ದನಿ ಬಲ್ಲವರು ಬರೆದ ಹೊಸ ಶಾಲಾಗೀತೆಗಳು ಎಷ್ಟೋ ಹಳೆಯ ಕ್ಯಾರಲ್‌ಗಳಿಗಿಂತ ಚಿಕ್ಕ ಮಕ್ಕಳ ಕಂಠಕ್ಕೆ ಹಿತ. ಆಯ್ಕೆಯ ಮೊದಲ ಪರೀಕ್ಷೆ ಹಾಡಿನ ವಯಸ್ಸಲ್ಲ, ಹಾಡುವವರ ವಯಸ್ಸು.

ಟ್ರ್ಯಾಕಿನ ವಿಷಯವನ್ನೂ ಇಲ್ಲೇ ಹೇಳಬೇಕು. ಮುದ್ರಿತ ಹಿನ್ನೆಲೆ ಸಂಗೀತ ಮಕ್ಕಳಿಗಾಗಿ ಕಾಯುವುದಿಲ್ಲ. ಮಕ್ಕಳು ಉಸಿರು ತೆಗೆದುಕೊಳ್ಳುವ ಮೊದಲೇ ಅದು ಮುಂದಿನ ಸಾಲಿಗೆ ಹೋಗಿರುತ್ತದೆ. ಧ್ವನಿವರ್ಧಕದ ಅಬ್ಬರದಲ್ಲಿ ಮಗುವಿಗೆ ತನ್ನ ದನಿಯೇ ಕೇಳಿಸದು. ತನ್ನ ದನಿ ಕೇಳದ ಮಗು ಶ್ರುತಿ ಸರಿಪಡಿಸಿಕೊಳ್ಳಲಾರದು. ಹೊಸ ಹಾಡುಗಳ ಬಗ್ಗೆ ಹಿರಿಯರು ಮಾಡುವ ಆಕ್ಷೇಪಗಳಲ್ಲಿ ಬಹಳಷ್ಟು ನಿಜವಾಗಿ ಈ ಟ್ರ್ಯಾಕಿನ ಮೇಲಿನ ಆಕ್ಷೇಪಗಳು. ಅದೇ ಹೊಸ ಹಾಡನ್ನು ಒಂದು ಗಿಟಾರ್ ಅಥವಾ ಹಾರ್ಮೋನಿಯಂ ಜೊತೆ ಹಾಡಿಸಿದರೆ ಎಷ್ಟೋ ಆಕ್ಷೇಪ ತಾನಾಗಿ ಕರಗುತ್ತದೆ. ಹಳೆಯ ಕ್ಯಾರಲ್‌ಗಳ ದೊಡ್ಡ ಬಲ ಇರುವುದು ಇಲ್ಲಿಯೇ. ಪಕ್ಕವಾದ್ಯವೇ ಇಲ್ಲದೆಯೂ ಅವು ನಿಲ್ಲುತ್ತವೆ, ಮತ್ತು ಸಭೆಯಲ್ಲಿ ಕೂತ ತಾಯಿತಂದೆ, ಅಜ್ಜ ಅಜ್ಜಿ ಜೊತೆಗೂಡಿ ಹಾಡಬಲ್ಲರು. ಮೂರು ತಲೆಮಾರು ಒಂದೇ ಹಾಡನ್ನು ಒಂದೇ ಹೊತ್ತಿನಲ್ಲಿ ಹಾಡುವ ಸಂದರ್ಭ ಇಂದಿನ ಬದುಕಿನಲ್ಲಿ ಬೇರೆ ಯಾವುದಿದೆ? ಅದನ್ನು ಕಳೆದುಕೊಳ್ಳುವುದು ನಿಜವಾದ ನಷ್ಟ. ಪ್ರೇಕ್ಷಕರು ಫೋನ್ ಹಿಡಿದು ಚಿತ್ರ ತೆಗೆಯುತ್ತ ಕೂರುವ ಕಾರ್ಯಕ್ರಮ, ಅದರ ಹಾಡು ಎಷ್ಟೇ ಹಳೆಯದಾಗಿರಲಿ, ಹೊಸದಾಗಿರಲಿ, ಆ ನಷ್ಟವನ್ನು ತುಂಬಿಕೊಡುವುದಿಲ್ಲ.

ಪದಗಳ ಬಗ್ಗೆಯೂ ತಕರಾರಿದೆ. ವೆಸ್ಲಿಯ ಹಾಡಿನ ದೈವಶಾಸ್ತ್ರ ಗಹನ. ದೇವರು ಮನುಷ್ಯದೇಹ ಧರಿಸುವ ತತ್ವವನ್ನು ಅದು ಒಂದೊಂದು ಸಾಲಿನಲ್ಲಿ ಕೆತ್ತುತ್ತದೆ. ಏಳು ವರ್ಷದವರಿಗೆ ಅದು ಅರ್ಥವಾಗುವುದಿಲ್ಲ ಎನ್ನುವುದು ನಿಜ. ಆದರೆ ಅರ್ಥವಾಗದ್ದನ್ನೆಲ್ಲ ಬಿಡಬೇಕೆಂದರೆ ಕನ್ನಡದ ಮಕ್ಕಳು ದಾಸರ ಪದಗಳನ್ನಾಗಲಿ ವಚನಗಳನ್ನಾಗಲಿ ಕಲಿಯುವಂತೆಯೇ ಇಲ್ಲ. ಬಾಲ್ಯದಲ್ಲಿ ನಾಲಗೆಗೆ ಬಂದದ್ದು ಬೆಳೆದ ಮೇಲೆ ಬುದ್ಧಿಗೆ ಬರುತ್ತದೆ. ಶಿಕ್ಷಕರು ಒಂದೆರಡು ಪದ ಬಿಡಿಸಿ ಹೇಳಿದರೆ ಸಾಕು. ಇನ್ನೊಂದು ತಕರಾರಿಗೆ ಹೆಚ್ಚು ತೂಕವಿದೆ. ಕ್ರಿಸ್ಟಿನಾ ರೊಸೆಟ್ಟಿ 1872ರಲ್ಲಿ ಪ್ರಕಟಿಸಿದ ಕವನದಲ್ಲಿ ಬೆತ್ಲೆಹೇಮಿನ ಮೇಲೆ ಇಂಗ್ಲೆಂಡಿನ ಹಿಮ ಸುರಿಯುತ್ತದೆ. ಅಲೆಗ್ಸಾಂಡರ್ ಅವರ ಹಾಡು ಬಾಲಯೇಸುವನ್ನು ಮಾತು ಕೇಳುವ ವಿಕ್ಟೋರಿಯನ್ ಮಗುವಾಗಿ ಮಾಡುತ್ತದೆ. ಇಂಥ ಕಡೆ ಹೊಸ ಹಾಡುಗಳು, ಅದರಲ್ಲೂ ಆಫ್ರಿಕ, ಕೆರಿಬಿಯನ್, ಲ್ಯಾಟಿನ್ ಅಮೆರಿಕಗಳಿಂದ ಬಂದವು, ಕಥೆಯನ್ನು ಒಂದೇ ದೇಶದ ಸೊತ್ತಾಗದಂತೆ ಕಾಯುತ್ತವೆ.

ಧರ್ಮ ಮತ್ತು ಕಾನೂನಿನ ಪ್ರಶ್ನೆ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1944ರ ಕಾಯ್ದೆ ಸರ್ಕಾರಿ ಶಾಲೆಗಳಲ್ಲಿ ದಿನನಿತ್ಯದ ಸಾಮೂಹಿಕ ಪ್ರಾರ್ಥನೆಯನ್ನು ಕಡ್ಡಾಯ ಮಾಡಿತು. 1988ರ ಕಾಯ್ದೆ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಅದು ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕೆಂದಿತು. ಮಗುವನ್ನು ಅದರಿಂದ ಹೊರಗಿಡುವ ಹಕ್ಕು ಪೋಷಕರಿಗಿದೆ. ಹೀಗಾಗಿ ಅಲ್ಲಿ ಕ್ಯಾರಲ್ ಹಾಡಿಸಲು ಕಾನೂನಿನ ಅಡ್ಡಿಯಿಲ್ಲ. ತರಗತಿಯಲ್ಲಿ ಮುಸ್ಲಿಂ, ಹಿಂದೂ, ಸಿಖ್ ಮಕ್ಕಳು ಹೆಚ್ಚಿದಂತೆ ಶಾಲೆಗಳೇ ವಿವೇಚನೆಯಿಂದ ಹಾಡು ಬದಲಿಸಿಕೊಂಡಿವೆ. ಅಮೆರಿಕದಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಅಡ್ಡ ಬರುತ್ತದೆ. ಸುಪ್ರೀಂ ಕೋರ್ಟು 1962 ಮತ್ತು 1963ರಲ್ಲಿ ಸರ್ಕಾರಿ ಶಾಲೆಗಳ ಪ್ರಾರ್ಥನೆ, ಬೈಬಲ್ ಪಠಣಗಳನ್ನು ನಿಲ್ಲಿಸಿದ ಮೇಲೆ ಕ್ಯಾರಲ್‌ಗಳ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಸೌತ್ ಡಕೋಟದ ಸೂ ಫಾಲ್ಸ್ ಶಾಲೆಗಳ ಪ್ರಕರಣದಲ್ಲಿ 1980ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದಿಷ್ಟು: ಸಂಸ್ಕೃತಿಯ ಭಾಗವಾಗಿ, ಶಿಕ್ಷಣದ ಉದ್ದೇಶದಿಂದ, ಸಂಯಮದಿಂದ ಹಾಡಿಸಿದರೆ ಧಾರ್ಮಿಕ ಹಾಡೂ ಸಂವಿಧಾನಬಾಹಿರವಲ್ಲ. 2009ರಲ್ಲಿ ನ್ಯೂಜೆರ್ಸಿಯ ಸೌತ್ ಆರೆಂಜ್–ಮೇಪಲ್‌ವುಡ್ ಪ್ರಕರಣದಲ್ಲಿ ಬೇರೊಂದು ಮೇಲ್ಮನವಿ ನ್ಯಾಯಾಲಯ, ಹಬ್ಬದ ಕಾರ್ಯಕ್ರಮಗಳಲ್ಲಿ ಧಾರ್ಮಿಕ ಹಾಡು ಬೇಡವೆಂದು ಶಾಲಾ ಮಂಡಳಿ ತೀರ್ಮಾನಿಸಿದ್ದೂ ಸರಿ ಎಂದಿತು. ಹಾಡಿಸಬಹುದು, ಆದರೆ ಹಾಡಿಸಲೇಬೇಕೆಂದಿಲ್ಲ. ಈ ಅನಿಶ್ಚಿತತೆಯಲ್ಲಿ ಅನೇಕ ಶಾಲೆಗಳು ಕಾರ್ಯಕ್ರಮದ ಹೆಸರನ್ನೇ ಚಳಿಗಾಲದ ಸಂಗೀತ ಕಛೇರಿ ಎಂದು ಬದಲಿಸಿ ಹಿಮ, ಗಂಟೆ, ಸಾರಂಗಗಳ ಹಾಡಿಗೆ ಜೋತುಬಿದ್ದವು. ಯಾರ ಮನಸ್ಸೂ ನೋಯದಿರಲಿ ಎಂಬ ಉದ್ದೇಶ ಗೌರವಕ್ಕೆ ಯೋಗ್ಯ. ಆದರೂ ಆರು ಶತಮಾನಗಳ ಸಂಗೀತವನ್ನು ಬದಿಗಿಟ್ಟು ಅಂಗಡಿಯ ಪುಸ್ತಿಕೆಯಿಂದ ಬಂದ ಸಾರಂಗವನ್ನು ಮಾತ್ರ ಉಳಿಸಿಕೊಳ್ಳುವುದು ಮಕ್ಕಳ ಸಂಗೀತ ಶಿಕ್ಷಣಕ್ಕೆ ಬಡತನವನ್ನೇ ತರುತ್ತದೆ.

ಭಾರತದಲ್ಲಿ ಸಂವಿಧಾನದ 28ನೇ ವಿಧಿ ಈ ಕುರಿತು ಸ್ಪಷ್ಟವಾಗಿದೆ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಒತ್ತಾಯಿಸುವಂತಿಲ್ಲ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳ ಪರವಾಗಿ ಸುಪ್ರೀಂ ಕೋರ್ಟು 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲೂ ದಾರಿ ತೋರುತ್ತದೆ. ಹಾಡಲೊಲ್ಲದ ಮಗುವಿಗೆ ಮೌನವಾಗಿ ನಿಲ್ಲುವ ಅವಕಾಶ ಎಲ್ಲ ಶಾಲೆಗಳಲ್ಲೂ ಇರಬೇಕು.

ಹಕ್ಕುಸ್ವಾಮ್ಯದ ವಿಷಯ ಸಣ್ಣದಾಗಿ ಕಂಡರೂ ಶಾಲೆಯ ಖರ್ಚಿಗೆ ಸಂಬಂಧಿಸಿದ್ದು. ಬ್ರಿಟನ್ನಿನಲ್ಲಿ ರಚಿಸಿದವರು ತೀರಿಕೊಂಡ ಎಪ್ಪತ್ತು ವರ್ಷದವರೆಗೆ, ಭಾರತದಲ್ಲಿ ಅರವತ್ತು ವರ್ಷದವರೆಗೆ ಹಕ್ಕು ಉಳಿಯುತ್ತದೆ. ಹಳೆಯ ಕ್ಯಾರಲ್‌ಗಳ ಮೂಲ ಪದ, ಧಾಟಿ ಯಾರು ಬೇಕಾದರೂ ಬಳಸಬಹುದಾದ ಸೊತ್ತು. ಆದರೆ ಅವಕ್ಕೆ ಮಾಡಿದ ಹೊಸ ಜೋಡಣೆಗಳಿಗೆ ಹಕ್ಕಿದೆ. ವಾನ್ ವಿಲಿಯಮ್ಸ್ 1958ರಲ್ಲಿ ತೀರಿಕೊಂಡದ್ದರಿಂದ ಅವನ 1906ರ ಜೋಡಣೆಗಳೂ ಬ್ರಿಟನ್ನಿನಲ್ಲಿ 2028ರ ಕೊನೆಯವರೆಗೆ ಮುಕ್ತವಲ್ಲ. ಡೇವಿಡ್ ವಿಲ್ಕಾಕ್ಸ್ 1961ರ 'ಕ್ಯಾರಲ್ಸ್ ಫಾರ್ ಕ್ವಾಯರ್ಸ್'ನಲ್ಲಿ ಕೊಟ್ಟ, ಕೊನೆಯ ಚರಣದಲ್ಲಿ ಎಳೆಯ ದನಿಗಳು ಸಭೆಯ ಹಾಡಿನ ಮೇಲೆ ಏರಿ ಹೋಗುವ ಪ್ರಸಿದ್ಧ ಮೇಲ್ದನಿಯ ಹಕ್ಕು ಇನ್ನೂ ಹಲವು ದಶಕ ಇರುತ್ತದೆ. ಶಾಲೆಯ ಪ್ರದರ್ಶನದ ವಿಷಯದಲ್ಲಿ ಎರಡು ದೇಶಗಳ ಕಾನೂನು ಬೇರೆ ಬೇರೆ. ಬ್ರಿಟನ್ನಿನ 1988ರ ಹಕ್ಕುಸ್ವಾಮ್ಯ ಕಾಯ್ದೆ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದಿನ ಪ್ರದರ್ಶನಕ್ಕೆ ವಿನಾಯಿತಿ ಕೊಡುತ್ತದೆ. ತಾಯಿತಂದೆ ಬಂದು ಕೂತರೆ ಅದು ಸಾರ್ವಜನಿಕ ಪ್ರದರ್ಶನವಾಗಿ ಪರವಾನಗಿ ಬೇಕಾಗುತ್ತದೆ. ಭಾರತದ ಕಾಯ್ದೆಯ 52ನೇ ಕಲಮು ಪೋಷಕರನ್ನೂ ವಿನಾಯಿತಿಯೊಳಗೆ ಸೇರಿಸಿದೆ. ಟಿಕೆಟ್ ಮಾರಿ ಊರವರನ್ನೆಲ್ಲ ಕರೆದರೆ, ಇಲ್ಲವೇ ವಿಡಿಯೊ ಮಾಡಿ ಜಾಲಕ್ಕೆ ಹಾಕಿದರೆ ಆ ವಿನಾಯಿತಿಯ ನೆರಳು ಸಿಗದು.

ಕರ್ನಾಟಕಕ್ಕೆ ಈ ಹಾಡುಗಳು ಬಂದ ದಾರಿ ಎರಡು ಮೂರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರೊಂದಿಗೆ ಬಂದದ್ದು ಜರ್ಮನ್ ಚರ್ಚಿನ ಧಾಟಿಗಳು. ಅವುಗಳಿಗೆ ಕನ್ನಡ ಪದ ಕೂರಿಸಿ ಶಾಲೆ, ಚರ್ಚುಗಳಲ್ಲಿ ಹಾಡಿಸಿದರು. ಆದರೆ ಅವರಲ್ಲೇ ಇದ್ದ ಫರ್ಡಿನಾಂಡ್ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ. ಕ್ರಿಸ್ತಕಥೆಗೆ ಕನ್ನಡದ್ದೇ ನಡೆ ಬೇಕೆಂಬ ಅರಿವು ಆಗಲೇ ಇತ್ತು. ಕರಾವಳಿಯ ಕ್ಯಾಥೊಲಿಕರಲ್ಲಿ ಕೊಂಕಣಿ ಹಾಡು, ಗುಮಟೆಯ ತಾಳ ಮೊದಲಿನಿಂದ ಇದ್ದವು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆ ದೇಶಭಾಷೆಗಳಿಗೆ ಪೂಜಾವಿಧಿಯ ಬಾಗಿಲು ತೆರೆದ ಮೇಲೆ ಕನ್ನಡ ಹಾಡುಗಳ ರಚನೆ ಚುರುಕಾಯಿತು. ಬೆಂಗಳೂರಿನ ದಂಡುಪ್ರದೇಶದ ಇಂಗ್ಲಿಷ್ ಶಾಲೆಗಳು ಮಾತ್ರ ಇಂಗ್ಲಿಷ್ ಕ್ಯಾರಲ್‌ಗಳ ಪದ್ಧತಿಯನ್ನೇ ಹಿಡಿದು ನಡೆದವು. ಜಿಮ್ ರೀವ್ಸ್ 1963ರಲ್ಲಿ ತಂದ ಕ್ರಿಸ್‌ಮಸ್ ಧ್ವನಿಮುದ್ರಿಕೆಯೂ ಬೋನಿ ಎಂ ಹಾಡುಗಳೂ ಅಲ್ಲಿನ ಮನೆಗಳಿಂದ ಶಾಲೆಗೆ ನಡೆದು ಬಂದವು. ಇಲ್ಲಿನ ಮಕ್ಕಳಿಗೆ ಸಂಪ್ರದಾಯ ಎಂದರೆ ವೆಸ್ಲಿಯಷ್ಟೇ ಜಿಮ್ ರೀವ್ಸ್ ಕೂಡ.

ಕನ್ನಡದಲ್ಲಿ ಹಾಡಿಸುವಾಗ ಇಂಗ್ಲಿಷ್ ಶಾಲೆಗಳಿಗೆ ಇಲ್ಲದ ಒಂದು ತೊಡಕು ಎದುರಾಗುತ್ತದೆ. ಅನೇಕ ಇಂಗ್ಲಿಷ್ ಕ್ಯಾರಲ್‌ಗಳು ತಾಳದ ಪೆಟ್ಟಿಗೆ ಮುಂಚಿನ ಒಂದು ಹಗುರ ಸ್ವರದಿಂದ ಎತ್ತಿಕೊಳ್ಳುತ್ತವೆ; ಇಂಗ್ಲಿಷಿನಲ್ಲಿ ಅಲ್ಲಿ ಒತ್ತಿಲ್ಲದ ಸಣ್ಣ ಪದವೊಂದು ಕೂರುತ್ತದೆ. ಕನ್ನಡದಲ್ಲಿ ಮಾತಿನ ಒತ್ತು ಸಾಮಾನ್ಯವಾಗಿ ಪದದ ಮೊದಲ ಅಕ್ಷರಕ್ಕೆ. ಅದೇ ಧಾಟಿಗೆ ಕನ್ನಡ ಪದ ಹಾಕಿದಾಗ ಒತ್ತಿನ ಅಕ್ಷರ ಹಗುರ ಸ್ವರಕ್ಕೆ ಬಿದ್ದು, ಎರಡನೇ ಅಕ್ಷರ ತಾಳದ ಪೆಟ್ಟಿನಲ್ಲಿ ಉಬ್ಬುತ್ತದೆ. ಲಘುವನ್ನು ಎಳೆದು ಗುರು ಮಾಡಬೇಕಾಗುತ್ತದೆ, ಮಗುವಿನ ಬಾಯಲ್ಲಿ ಮಾತು ಮುರಿಯುತ್ತದೆ. ಹಳೆಯ ಅನುವಾದಗಳನ್ನು ಹಾಡಿಸುವ ಶಿಕ್ಷಕರು ಇದನ್ನು ಸರಿದೂಗಿಸಲು ಮೊದಲ ಸ್ವರವನ್ನೇ ಪೆಟ್ಟಿಗೆ ತರುವುದುಂಟು, ಇಲ್ಲವೇ ಒಂದು ಸಂಬೋಧನೆಯನ್ನು ಮುಂದೆ ಸೇರಿಸುವುದುಂಟು. ಕೋಲಾಟದ ನಡೆಯಲ್ಲೋ ಭಾವಗೀತೆಯ ಧಾಟಿಯಲ್ಲೋ ನೇರ ಕನ್ನಡದಲ್ಲೇ ಹುಟ್ಟಿದ ಕ್ರಿಸ್‌ಮಸ್ ಹಾಡಿಗೆ ಈ ರಿಪೇರಿ ಬೇಕಿಲ್ಲ. ಆದ್ದರಿಂದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹೊಸ ಹಾಡಿನ ಪರವಾದ ವಾದ ಇಂಗ್ಲೆಂಡಿನಲ್ಲಿರುವುದಕ್ಕಿಂತ ಗಟ್ಟಿ.

ಒಳ್ಳೆಯ ಶಾಲೆಗಳು ಕಾರ್ಯಕ್ರಮ ಹೊಂದಿಸುವ ರೀತಿ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಚಿಕ್ಕ ತರಗತಿಗೆ ಅವರ ಕಂಠದ ಅಳತೆಯ ಹೊಸ ಹಾಡು, ದೊಡ್ಡ ತರಗತಿಗೆ ಎರಡು ದನಿಯ ಒಂದೆರಡು ಕ್ಯಾರಲ್, ಸಭೆಯೆಲ್ಲ ಎದ್ದು ಹಾಡುವುದಕ್ಕೆ ಎಲ್ಲರಿಗೂ ಗೊತ್ತಿರುವ ಮೂರು ನಾಲ್ಕು. ಸಭೆಯ ಹಾಡುಗಳನ್ನು ವರ್ಷದಿಂದ ವರ್ಷಕ್ಕೆ ಬದಲಿಸುವುದಿಲ್ಲ, ಪದಗಳ ಹಾಳೆಯನ್ನು ಪೋಷಕರ ಕೈಗೂ ಕೊಡುತ್ತಾರೆ. ಪಾಪ್ ಹಾಡುಗಳಿಗೆ ತರಗತಿಯ ಕ್ರಿಸ್‌ಮಸ್ ಪಾರ್ಟಿ ಇದ್ದೇ ಇದೆ. ಅಲ್ಲಿ ಮಕ್ಕಳು ಅವುಗಳಿಗೆ ಮನಸಾರೆ ಕುಣಿಯುತ್ತಾರೆ. ತಾಲೀಮು ನವೆಂಬರ್ ಮಧ್ಯದಲ್ಲೇ ಶುರುವಾದರೆ ಹಳೆಯ ಹಾಡಿನ ಕಷ್ಟದ ಪದಗಳಿಗೂ ಎತ್ತರದ ಸ್ವರಗಳಿಗೂ ಸಮಯ ಸಿಗುತ್ತದೆ. ಕೊನೆಯ ವಾರದಲ್ಲಿ ಅವಸರಕ್ಕೆ ಆರಿಸುವ ಶಾಲೆಗಳಿಗೆ ಉಳಿಯುವುದು ಟ್ರ್ಯಾಕ್ ಒಂದೇ.